ವಿಮಾನಕ್ಕೆ ವಯಸ್ಸಾಯ್ತು ಅಂತ ಹೇಳೋರು ಯಾರು?

ಕಿಟಕಿ ಸೀಟು
ಹೋದ ವಾರ ಒಂದು ವಿಮಾನದಲ್ಲಿ ಹೋಗಿದ್ದೆ. ಟಾಯ್ಲೆಟ್ ಬಾಗಿಲಲ್ಲಿ ಸಿಗರೇಟಿನ ಬೂದಿ ಹಾಕುವ ಪುಟ್ಟ ಡಬ್ಬಿ ಇತ್ತು. ವಿಮಾನದಲ್ಲಿ ಸಿಗರೇಟು ನಿಂತು ಎಷ್ಟು ವರ್ಷ ಆಯ್ತು! ಇದು ಯಾವ ಕಾಲದ್ದಪ್ಪಾ ಅಂತ ಗಾಬರಿಯಾಯಿತು. ಇಳಿದ ಮೇಲೆ ಹಿಂಭಾಗದಲ್ಲಿ ಬರೆದಿದ್ದ ನೋಂದಣಿ ಸಂಖ್ಯೆ ನೋಡಿಕೊಂಡು ಹುಡುಕಿದೆ. 22 ವರ್ಷ ಹಳೆಯದು.

ನನ್ನ ಪ್ರಶ್ನೆ ಇಷ್ಟೇ. ವಿಮಾನಕ್ಕೆ ಇಷ್ಟು ವರ್ಷ ಅಂತ ಲೆಕ್ಕ ಇದೆಯಾ? ಇದ್ದರೆ ಅದನ್ನು ಯಾರು ಹಾಕುತ್ತಾರೆ? ಸರ್ಕಾರವಾ, ಕಂಪನಿಯಾ, ತಯಾರಿಸಿದವರಾ?

ಹ್ಯಾಂಗರ್ ಮನುಷ್ಯ
ಮೊದಲು ಬೂದಿ ಡಬ್ಬಿ ವಿಷಯ. ನಿನ್ನೆ ಕಾರ್ಖಾನೆಯಿಂದ ಬಂದ ವಿಮಾನದಲ್ಲೂ ಅದು ಇರುತ್ತದೆ. ಇರಲೇಬೇಕು ಅಂತ ನಿಯಮ. ಯಾರೋ ಒಬ್ಬ ಕದ್ದು ಸೇದಿದರೆ ತುಂಡನ್ನು ಪೇಪರ್ ಟವೆಲ್ ತುಂಬಿದ ಕಸದ ಬುಟ್ಟಿಗೆ ಎಸೆಯಬಾರದಲ್ಲ, ಅದಕ್ಕೆ. ಹಾಗಾಗಿ ಅದನ್ನು ನೋಡಿ ವಯಸ್ಸು ಹೇಳೋಕಾಗಲ್ಲ.

ಇನ್ನು ವರ್ಷದ ಲೆಕ್ಕ. ನಾನು ಹ್ಯಾಂಗರ್‌ನಲ್ಲಿ, ಅಂದರೆ ವಿಮಾನ ನಿಲ್ಲಿಸಿ ರಿಪೇರಿ ಮಾಡುವ ಶೆಡ್ಡಿನಲ್ಲಿ, ಕೆಲಸ ಮಾಡುವವನು. ಒಂದು ವಿಮಾನ ಒಳಗೆ ಬಂದರೆ ಅದು ಹುಟ್ಟಿದ ವರ್ಷವನ್ನು ನಾವು ಮೊದಲು ಕೇಳುವುದಿಲ್ಲ. ಎಷ್ಟು ಸೈಕಲ್ ಆಗಿದೆ ಅಂತ ಕೇಳುತ್ತೇವೆ. ತುಳಿಯುವ ಸೈಕಲ್ ಅಲ್ಲ! ಒಂದು ಸಲ ಏರಿ, ಒಂದು ಸಲ ಇಳಿದರೆ ಒಂದು ಸೈಕಲ್.

ಯಾಕೆ ಈ ಲೆಕ್ಕ ಅಂದರೆ, 35 ಸಾವಿರ ಅಡಿ ಎತ್ತರದಲ್ಲಿ ಹೊರಗೆ ಗಾಳಿ ತೀರಾ ತೆಳು. ಒಳಗೆ ನೀವು ಉಸಿರಾಡಬೇಕು, ಹಾಗಾಗಿ ಗಾಳಿ ತುಂಬುತ್ತಾರೆ. ಆಗ ವಿಮಾನದ ಮೈಯ ಪ್ರತಿ ಚದರ ಮೀಟರ್ ಮೇಲೆ ಒಳಗಿನಿಂದ ಐದು ಟನ್‌ಗಿಂತ ಜಾಸ್ತಿ ಒತ್ತಡ ಬೀಳುತ್ತದೆ. ಮೈ ಒಂದಿಷ್ಟು ಉಬ್ಬುತ್ತದೆ, ಇಳಿದಾಗ ಮತ್ತೆ ಕುಗ್ಗುತ್ತದೆ. ಅರ್ಧ ಗಂಟೆ ಹಾರಿದರೂ ಒಂದೇ ಉಬ್ಬು, ಹದಿನೈದು ಗಂಟೆ ಹಾರಿದರೂ ಒಂದೇ ಉಬ್ಬು. ಹೀಗೆ ಸಾವಿರಾರು ಸಲ ಆದ ಮೇಲೆ, ತಗಡುಗಳನ್ನು ಜೋಡಿಸುವ ಮೊಳೆಯಂಥ ರಿವೆಟ್‌ಗಳ ತೂತುಗಳ ಅಂಚಿನಲ್ಲಿ ಕಣ್ಣಿಗೆ ಕಾಣದ ಬಿರುಕು ಶುರುವಾಗುತ್ತದೆ.

ಒಂದು ದೊಡ್ಡ ವಿಮಾನ ದಿನಕ್ಕೆ ಎರಡೇ ಸಲ ಹಾರುತ್ತದೆ ಅಂದುಕೊಳ್ಳಿ. ವರ್ಷಕ್ಕೆ 330 ದಿನ, 20 ವರ್ಷ. ಒಟ್ಟು 13,200 ಸೈಕಲ್. ಊರಿಂದೂರಿಗೆ ಜಿಗಿಯುವ ಚಿಕ್ಕ ವಿಮಾನ ದಿನಕ್ಕೆ ಎಂಟು ಸಲ ಹಾರಿದರೆ ಅಷ್ಟೇ ವರ್ಷದಲ್ಲಿ 52,800. ಎರಡಕ್ಕೂ 20 ವರ್ಷವೇ. ಆದರೆ ಸವೆತ ಒಂದೇ ಅಲ್ಲ.

ಮೋಡದಾಚೆ
ಇದಕ್ಕೆ ಎಲ್ಲರೂ ಹೇಳುವ ಉದಾಹರಣೆ ಅಲೋಹಾ 243. 1988ರ ಏಪ್ರಿಲ್ 28. ಹವಾಯಿ ದ್ವೀಪಗಳ ನಡುವೆ ಹಾರುತ್ತಿದ್ದ ಬೋಯಿಂಗ್ 737. ಮುಂಭಾಗದ ಚಾವಣಿ ಆಕಾಶದಲ್ಲೇ ಕಿತ್ತುಹೋಯಿತು. ಒಬ್ಬ ಗಗನಸಖಿ ಪ್ರಾಣ ಕಳೆದುಕೊಂಡರು. ಉಳಿದವರನ್ನು ಪೈಲಟ್‌ಗಳು ಇಳಿಸಿದ್ದೇ ಪವಾಡ. ಆ ವಿಮಾನಕ್ಕೆ 19 ವರ್ಷ ಅಷ್ಟೇ. ಆದರೆ 89,680 ಸಲ ಹಾರಿತ್ತು. ಮೂಲತಃ ಅದನ್ನು ರೂಪಿಸಿದ್ದು 75 ಸಾವಿರ ಸಲಕ್ಕೆ.

ಹ್ಯಾಂಗರ್ ಮನುಷ್ಯ
ಹೌದು. ಅದರ ಜೊತೆಗೆ ಸಮುದ್ರದ ಉಪ್ಪು ಗಾಳಿ. ತಗಡಿನ ಎರಡು ಪದರ ಕೂಡುವ ಕಡೆ ಹಾಕಿದ್ದ ಅಂಟು ಬಿಟ್ಟುಕೊಂಡು, ಪೂರ್ತಿ ಭಾರ ರಿವೆಟ್‌ಗಳ ಮೇಲೆ ಬಿದ್ದಿತ್ತು. ಒಂದು ದೊಡ್ಡ ಬಿರುಕಾದರೆ ಹುಡುಕಿ ಹಿಡಿಯಬಹುದು. ಸಾಲಾಗಿ ಹತ್ತಾರು ಸಣ್ಣ ಬಿರುಕು ಹುಟ್ಟಿ, ಒಂದು ದಿನ ಎಲ್ಲವೂ ಕೂಡಿಕೊಂಡರೆ ಕಷ್ಟ. ಹಳೆ ವಿಮಾನಗಳನ್ನು ನೋಡುವ ರೀತಿಯೇ ಆ ಘಟನೆಯಿಂದ ಬದಲಾಯಿತು.

ದಾರಿಹೋಕ
ಹಾಗಾದರೆ ಇಂತಿಷ್ಟು ಸೈಕಲ್ ಆದ ಮೇಲೆ ಹಾರಿಸಲೇಬಾರದು ಅಂತ ಕಾನೂನು ಇದೆಯಾ ಸರ್?

ಹ್ಯಾಂಗರ್ ಮನುಷ್ಯ
ಇದೆ. ಅಮೆರಿಕದ ವಿಮಾನಯಾನ ನಿಯಂತ್ರಣ ಸಂಸ್ಥೆ ಎಫ್‌ಎಎ 2010ರ ಕೊನೆಯಲ್ಲಿ ತಂದ ನಿಯಮ. ತಯಾರಿಸಿದ ಕಂಪನಿ ಪ್ರತಿ ಮಾದರಿಗೂ ಒಂದು ಮಿತಿ ಹೇಳಬೇಕು. ಇಷ್ಟು ಸೈಕಲ್‌ವರೆಗೆ, ಇಷ್ಟು ಗಂಟೆವರೆಗೆ ನಮ್ಮ ಪರೀಕ್ಷೆಯ ಆಧಾರ ಇದೆ, ಆಚೆಗೆ ಇಲ್ಲ ಅಂತ. ಕೆಲಸದಲ್ಲಿ ನಾವು ಎಲ್‌ಒವಿ ಅನ್ನುತ್ತೇವೆ. ಅದನ್ನು ದಾಟಿ ಹಾರಿಸುವ ಹಾಗಿಲ್ಲ. ಹೊಸದಾಗಿ ಪರೀಕ್ಷೆ ಮಾಡಿ ಪುರಾವೆ ಕೊಟ್ಟರೆ ಮಿತಿ ಏರಿಸಬಹುದು. ಏರ್‌ಬಸ್ ಎ320ಕ್ಕೆ ಮೊದಲು 48 ಸಾವಿರ ಸೈಕಲ್ ಅಥವಾ 60 ಸಾವಿರ ಗಂಟೆ ಅಂತ ಗುರಿ ಇತ್ತು. ಆಮೇಲೆ ಅದನ್ನು 60 ಸಾವಿರ ಸೈಕಲ್, 1 ಲಕ್ಷ 20 ಸಾವಿರ ಗಂಟೆಗೆ ಏರಿಸಿದರು.

ಆದರೆ ನಿಜ ಹೇಳಬೇಕು ಅಂದರೆ, ಈ ಮಿತಿ ಮುಟ್ಟುವ ವಿಮಾನಗಳು ಬಹಳ ಕಡಿಮೆ. ಅದಕ್ಕಿಂತ ಮೊದಲೇ ಬೇರೆ ಯಾರೋ ಅದರ ಕಥೆ ಮುಗಿಸಿರುತ್ತಾರೆ. ಆ ಕಥೆ ಲೆಕ್ಕದವರು ಹೇಳಲಿ.

ಜಮಾ ಖರ್ಚು
ಕರೆದಿದ್ದು ನನ್ನನ್ನೇ ತಾನೇ? ವಿಮಾನ ಲೀಸ್‌ಗೆ ಕೊಡುವ ಕಡೆ ಕೆಲಸ ಮಾಡುತ್ತೇನೆ. ನಮ್ಮ ಕಡೆಯಿಂದ ನೋಡಿದರೆ ವಿಮಾನ ಮುದಿಯಾಗಿ ಸಾಯುವುದು ಅಪರೂಪ. ದೊಡ್ಡ ಖರ್ಚು ಎದುರಿಗೆ ಬಂದು ನಿಂತಾಗ ಸಾಯುತ್ತದೆ.

ಆ ದೊಡ್ಡ ಖರ್ಚಿನ ಹೆಸರು ಡಿ ಚೆಕ್. ಆರರಿಂದ ಹನ್ನೆರಡು ವರ್ಷಕ್ಕೊಮ್ಮೆ ಬರುತ್ತದೆ. ಸೀಟು, ಅಡುಗೆ ಗೂಡು, ಟಾಯ್ಲೆಟ್, ನೆಲದ ಹಲಗೆ, ಎಲ್ಲ ಕಿತ್ತು ಹೊರಗೆ. ವಿಮಾನ ಒಂದು ತಿಂಗಳೋ ಎರಡು ತಿಂಗಳೋ ಒಳಗೇ ನಿಂತಿರುತ್ತದೆ. ದೊಡ್ಡ ವಿಮಾನವಾದರೆ ಹತ್ತಾರು ಸಾವಿರ ಗಂಟೆಗಳ ಕೂಲಿ. ನಿಂತಷ್ಟು ದಿನ ದುಡಿಮೆ ಸೊನ್ನೆ. ಅದರ ಮೇಲೆ, ಬಿಚ್ಚಿದಾಗ ಒಳಗೆ ಏನು ಸಿಗುತ್ತದೆ ಅಂತ ಮೊದಲೇ ಗೊತ್ತಿರಲ್ಲ. ವಿಮಾನ ಹಳೆಯದಾದಷ್ಟೂ ಬಿಲ್ ಬೆಳೆಯುತ್ತದೆ.

ಆಗ ಮ್ಯಾನೇಜರ್ ಕೂತು ಲೆಕ್ಕ ಹಾಕುತ್ತಾನೆ. ಇಷ್ಟು ಸುರಿದರೆ ಇನ್ನು ಆರು ವರ್ಷ ಹಾರುತ್ತದೆ. ಆ ಆರು ವರ್ಷದಲ್ಲಿ ಅದು ದುಡಿದು ಕೊಡುವುದೆಷ್ಟು? ಹೊಸ ಮಾದರಿ ಇದ್ದಿದ್ದರೆ ಉಳಿಯುತ್ತಿದ್ದ ಇಂಧನ ಎಷ್ಟು? ಎ320ರ ಹೊಸ ರೂಪ ನಿಯೋ ಹಳೆಯದಕ್ಕಿಂತ ಸುಮಾರು 15 ಶೇಕಡಾ ಕಡಿಮೆ ಇಂಧನ ಕುಡಿಯುತ್ತದೆ. ಇಂಧನ ಅಗ್ಗ ಇದ್ದಾಗ ಹಳೆ ವಿಮಾನಕ್ಕೆ ಇನ್ನಷ್ಟು ದಿನ ಬದುಕು ಸಿಗುತ್ತದೆ. ದುಬಾರಿಯಾದರೆ ಸಾಲಾಗಿ ಹೊರಗೆ. ಹಾಗಾಗಿ ಒಂದು ವಿಮಾನ ಯಾವಾಗ ನಿಲ್ಲುತ್ತದೆ ಅಂತ ಊಹಿಸಬೇಕಾದರೆ ವಯಸ್ಸು ಕೇಳಬೇಡಿ, ಮುಂದಿನ ಡಿ ಚೆಕ್ ಯಾವಾಗ ಅಂತ ಕೇಳಿ. ಒಟ್ಟಾರೆ ನೋಡಿದರೆ ಪ್ರಯಾಣಿಕರ ವಿಮಾನಗಳು 20ರಿಂದ 25 ವರ್ಷದ ಆಸುಪಾಸಿನಲ್ಲಿ ಹೊರಬೀಳುತ್ತವೆ. ಕಾನೂನು ಹಾಗೆ ಹೇಳುತ್ತದೆ ಅಂತಲ್ಲ, ಲೆಕ್ಕ ಅಲ್ಲಿಗೆ ಬಂದು ಕೂಡುತ್ತದೆ.

ಇನ್ನೊಂದು ಮುಖ ಇದೆ. ಆನೆ ಇದ್ದರೂ ಸಾವಿರ, ಸತ್ತರೂ ಸಾವಿರ ಅಂತಾರಲ್ಲ, ವಿಮಾನವೂ ಹಾಗೇ. ಕೆಲವೊಮ್ಮೆ ಸತ್ತರೇ ಜಾಸ್ತಿ. ಇಂಜಿನ್ ಒಳಗಿನ ತಿರುಗುವ ಡಿಸ್ಕ್‌ಗಳಿಗೆ ಇಷ್ಟೇ ಸೈಕಲ್ ಅಂತ ಕಟ್ಟುನಿಟ್ಟಿನ ಆಯುಸ್ಸು ಇರುತ್ತದೆ. ಆ ಆಯುಸ್ಸು ಇನ್ನೂ ಉಳಿದಿರುವ ಇಂಜಿನ್‌ಗೆ ಒಳ್ಳೆ ಬೇಡಿಕೆ. ಇಡೀ ವಿಮಾನಕ್ಕೆ ಸಿಗುವ ಬೆಲೆಗಿಂತ ಬಿಡಿಭಾಗಗಳಿಗೆ ಸಿಗುವ ಬೆಲೆ ಜಾಸ್ತಿ ಆದ ದಿನ, ಅದು ಎಷ್ಟೇ ಚೆನ್ನಾಗಿ ಹಾರುತ್ತಿರಲಿ, ಗುಜರಿಗೆ ಹೋಗುತ್ತದೆ.

ನಾಲ್ಕು ಇಂಜಿನ್ ಭಕ್ತ
ಇದನ್ನು ಓದಿ ಹೊಟ್ಟೆ ಉರಿಯುತ್ತಿದೆ. ಏರ್‌ಬಸ್‌ನ ನಾಲ್ಕು ಇಂಜಿನ್‌ನ ದೈತ್ಯ ಎ380ಕ್ಕೆ ಆಗಿದ್ದು ಇದೇ. 2007ರ ಅಕ್ಟೋಬರ್‌ನಲ್ಲಿ ಸಿಂಗಾಪುರ ಏರ್‌ಲೈನ್ಸ್ ಮೊದಲ ವಿಮಾನ ತೆಗೆದುಕೊಂಡಿತು. ಮೊದಮೊದಲು ಬಂದ ಕೆಲವು ವಿಮಾನಗಳ ಹತ್ತು ವರ್ಷದ ಲೀಸ್ ಮುಗಿಯಿತು, ವಾಪಸ್ ಕೊಟ್ಟರು. ಬೇರೆ ಕಂಪನಿಗಳು ಮುಂದೆ ಬರಲಿಲ್ಲ. ಪೋರ್ಚುಗಲ್‌ನ ಹೈ ಫ್ಲೈ ಒಂದನ್ನು ಮಾತ್ರ ತೆಗೆದುಕೊಂಡಿತು. ಎರಡನ್ನು ಫ್ರಾನ್ಸ್‌ನ ಟಾರ್ಬ್‌ನಲ್ಲಿ ಬಿಚ್ಚಿಹಾಕಿದರು. ಹತ್ತು ವರ್ಷ! ಅಷ್ಟು ವರ್ಷಕ್ಕೆ ಮನೆಯ ಫ್ಯಾನ್ ಕೂಡ ಬಿಸಾಕಲ್ಲ ನಾವು.

ಜಮಾ ಖರ್ಚು
ಭಕ್ತರೇ, ಬೇಜಾರು ಮಾಡಿಕೊಳ್ಳಬೇಡಿ. ಅದನ್ನು ತುಂಬಿಸುವಷ್ಟು ಜನ ಇರುವ ದಾರಿಗಳು ಎಷ್ಟಿವೆ? ಐನೂರು ಸೀಟಿನಲ್ಲಿ ಇನ್ನೂರು ಖಾಲಿ ಹೋದರೆ ಅದು ಆನೆ ಸಾಕಿದ ಹಾಗೆ. ನಿಲ್ಲಿಸುವುದಕ್ಕೂ ಎಲ್ಲ ಕಡೆ ಜಾಗ ಆಗಲ್ಲ.

ನಾಲ್ಕು ಇಂಜಿನ್ ಭಕ್ತ
ಒಪ್ಪುತ್ತೇನೆ, ಆದರೆ ಪೂರ್ತಿ ಅಲ್ಲ. 2020ರಲ್ಲಿ ಕೊರೊನಾ ಬಂದಾಗ ಏರ್ ಫ್ರಾನ್ಸ್ ತನ್ನ ಎ380ಗಳನ್ನೆಲ್ಲ ಒಂದೇ ಏಟಿಗೆ ನಿಲ್ಲಿಸಿತು. ಬ್ರಿಟಿಷ್ ಏರ್‌ವೇಸ್ ತನ್ನ ನಾಲ್ಕು ಇಂಜಿನ್‌ನ ಬೋಯಿಂಗ್ 747ಗಳನ್ನು ನಿಲ್ಲಿಸಿತು. ಎಲ್ಲರೂ ಇನ್ನು ದೊಡ್ಡ ವಿಮಾನದ ಕಾಲ ಮುಗಿಯಿತು ಅಂದರು. ಆಮೇಲೆ? ಜನ ವಾಪಸ್ ಬಂದರು, ಹೊಸ ವಿಮಾನ ಹೊತ್ತಿಗೆ ಸರಿಯಾಗಿ ಬರಲಿಲ್ಲ. 2023ರಲ್ಲಿ ಲುಫ್ಥಾನ್ಸಾ, ಎತಿಹಾದ್ ಎರಡೂ ನಿಲ್ಲಿಸಿಟ್ಟಿದ್ದ ಎ380ಗಳನ್ನು ಎಬ್ಬಿಸಿ ಹಾರಿಸಿದವು. ನಿಮ್ಮ ಮ್ಯಾನೇಜರ್ ಲೆಕ್ಕ ಯಾವಾಗಲೂ ಸರಿ ಇರುತ್ತದೆ ಅಂತೇನಿಲ್ಲ.

ಜಮಾ ಖರ್ಚು
ಅದು ಸರಿಯೇ. ಲೆಕ್ಕ ತಪ್ಪಿದ್ದು ನಾನೂ ನೋಡಿದ್ದೇನೆ. ನಾನು ಹಿಂದೆ ಇದ್ದ ಕಡೆ ಒಂದು ವಿಮಾನ ಬಿಚ್ಚೋಣ ಅಂತ ತೀರ್ಮಾನ ಆಯಿತು. ಬಿಚ್ಚಿ ಮುಗಿಸಿದ ಆರು ತಿಂಗಳಿಗೆ ಅದೇ ಮಾದರಿ ಬೇಕು ಅಂತ ಎರಡು ಕಡೆಯಿಂದ ಫೋನ್! ಬಾಸ್ ಮುಖ ನೋಡಬೇಕಿತ್ತು.

ಮೋಡದಾಚೆ
ನಾಲ್ಕು ಇಂಜಿನ್‌ಗೆ ಮೊದಲ ಪೆಟ್ಟು ಕೊಟ್ಟಿದ್ದು ಕೊರೊನಾ ಅಲ್ಲ, ನಿಯಮ. ಮೊದಲು ಎರಡು ಇಂಜಿನ್ ವಿಮಾನ ಯಾವಾಗಲೂ ಒಂದು ನಿಲ್ದಾಣದಿಂದ 60 ನಿಮಿಷದ ದೂರದೊಳಗೇ ಇರಬೇಕಿತ್ತು. ಹಾಗಾಗಿ ಸಾಗರ ದಾಟಲು ಮೂರೋ ನಾಲ್ಕೋ ಇಂಜಿನ್ ಬೇಕಾಗುತ್ತಿತ್ತು. 1985ರಲ್ಲಿ ಅದನ್ನು 120 ನಿಮಿಷಕ್ಕೆ ಏರಿಸಿದರು. ಆಮೇಲೆ ಇನ್ನೂ ಜಾಸ್ತಿ. ಎರಡೇ ಇಂಜಿನ್‌ನಲ್ಲಿ ಅದೇ ದಾರಿ ಹೋಗಬಹುದಾದರೆ ನಾಲ್ಕಕ್ಕೆ ಯಾಕೆ ಇಂಧನ, ಯಾಕೆ ರಿಪೇರಿ? ಎ340 ಸೋತಿದ್ದು ಹೀಗೆ. ಸಿಂಗಾಪುರದಿಂದ ನ್ಯೂಯಾರ್ಕ್ ಕಡೆಗೆ ಎಲ್ಲೂ ನಿಲ್ಲದೆ ಹೋಗುತ್ತಿದ್ದ ಎ340-500 ಸೇವೆ 2004ರಿಂದ 2013ರವರೆಗೆ ನಡೆಯಿತು. ಸುಮ್ನೆ ಹಾರುವ ಟ್ಯಾಂಕರ್ ಅದು, ಅಷ್ಟು ಇಂಧನ ಹೊರಬೇಕಿತ್ತು. 747ರ ಕೊನೆಯದು, 1574ನೆಯದು, 2023ರ ಜನವರಿ 31ಕ್ಕೆ ಗಿರಾಕಿಯ ಕೈಸೇರಿತು. ಅದೂ ಸರಕು ವಿಮಾನ.

ಕಿಟಕಿ ಸೀಟು
ಎಲ್ಲರಿಗೂ ಥ್ಯಾಂಕ್ಸ್. ಆದರೆ ನನ್ನ ಹೊಟ್ಟೆಯೊಳಗಿನ ಪ್ರಶ್ನೆ ಉಳಿದೇ ಹೋಯಿತು. ಹಳೆಯದು ಅಪಾಯವಾ, ಅಲ್ಲವಾ? ದುಡ್ಡಿನ ಲೆಕ್ಕದ ಮೇಲೆ ಹಾರಿಸುತ್ತಾರೆ ಅಂದರೆ ಇನ್ನೂ ಭಯ ಆಗುತ್ತದೆ.

ಹ್ಯಾಂಗರ್ ಮನುಷ್ಯ
ಭಯ ಬೇಡ. ದುಡ್ಡಿನ ಲೆಕ್ಕ ನಡೆಯುವುದು ಹಾರಿಸಬೇಕಾ ನಿಲ್ಲಿಸಬೇಕಾ ಅನ್ನುವುದಕ್ಕೆ. ಹಾರಿಸುತ್ತೇವೆ ಅಂತ ತೀರ್ಮಾನವಾದರೆ ಮಾಡಬೇಕಾದ ಚೆಕ್ ಮಾಡಲೇಬೇಕು. 5 ವರ್ಷದ್ದಕ್ಕೂ 25 ವರ್ಷದ್ದಕ್ಕೂ ಪಾಸ್ ಆಗಬೇಕಾದ ಗೆರೆ ಒಂದೇ. ಹಳೆಯದಕ್ಕೆ ಆ ಗೆರೆ ಮುಟ್ಟಲು ಖರ್ಚು ಜಾಸ್ತಿ, ಅಷ್ಟೇ ವ್ಯತ್ಯಾಸ.

ನನ್ನ ಅನುಭವದಲ್ಲಿ ವಯಸ್ಸಿಗಿಂತ ಹೆದರಬೇಕಾದ್ದು ಕೆಟ್ಟ ರಿಪೇರಿಗೆ. 2002ರ ಮೇ 25ರಂದು ಚೈನಾ ಏರ್‌ಲೈನ್ಸ್ 611 ಆಕಾಶದಲ್ಲೇ ಒಡೆಯಿತು, 225 ಜನ ಹೋದರು. ಕಾರಣ ಹುಡುಕಿದಾಗ ಸಿಕ್ಕಿದ್ದು 1980ರ ಒಂದು ರಿಪೇರಿ. ಇಳಿಯುವಾಗ ಬಾಲ ನೆಲಕ್ಕೆ ಉಜ್ಜಿತ್ತು. ಗೀರು ಬಿದ್ದ ತಗಡನ್ನು ಕತ್ತರಿಸಿ ತೆಗೆಯದೆ, ಅದರ ಮೇಲೇ ತೇಪೆ ಹಾಕಿದ್ದರು. ತೇಪೆಯ ಅಡಿ 22 ವರ್ಷ ಬಿರುಕು ಬೆಳೆಯುತ್ತಾ ಹೋಯಿತು. ಜಪಾನ್ ಏರ್‌ಲೈನ್ಸ್ 123, 1985ರದ್ದು, ಅದೂ ಇಂಥದೇ. ಬಾಲ ಉಜ್ಜಿದ್ದು 1978ರಲ್ಲಿ, ಒಳಗಿನ ಗಾಳಿಯ ಒತ್ತಡ ತಡೆಯುವ ಹಿಂಬದಿ ಗೋಡೆಯ ರಿಪೇರಿ ತಪ್ಪಾಗಿತ್ತು. 520 ಜನ.

ಇನ್ನೊಂದು ಕಡೆ, 2011ರ ಏಪ್ರಿಲ್ 1ರಂದು ಸೌತ್‌ವೆಸ್ಟ್‌ನ ಒಂದು 737ರ ಚಾವಣಿಯಲ್ಲಿ ತೂತು ಬಿತ್ತು. ವಯಸ್ಸು 15 ಅಷ್ಟೇ. ತನಿಖೆಯಲ್ಲಿ ಕಂಡಿದ್ದು, ತಯಾರಿಸುವಾಗಲೇ ಆ ತಗಡು ಸರಿಯಾಗಿ ಕೂರಿಸಿರಲಿಲ್ಲ ಅಂತ. ನೋಡಿ, ವಯಸ್ಸು ಎಲ್ಲಿ ಬಂತು?

ಅದಕ್ಕೇ ನಮ್ಮಲ್ಲಿ ವಿಮಾನದಷ್ಟೇ ಬೆಲೆ ಅದರ ಕಾಗದಗಳಿಗೆ. ಯಾವ ಭಾಗ ಯಾವಾಗ ಹಾಕಿದ್ದು, ಯಾರು ಸಹಿ ಮಾಡಿದ್ದು, ಹುಟ್ಟಿದಂದಿನಿಂದ ಎಲ್ಲ ಬೇಕು. ಹೊಳೆಯುವ ಡಿಸ್ಕ್ ಒಂದು ಕೈಯಲ್ಲಿದೆ, ಕಾಗದ ಇಲ್ಲ ಅಂದರೆ ಅದು ಬರೀ ಕಬ್ಬಿಣದ ತೂಕ.

ಹಳೇ ರೆಕ್ಕೆ
ತಡವಾಗಿ ಬಂದೆ. ಡಿಸಿ-3 ಅನ್ನುವ ಹಳೇ ಪ್ರೊಪೆಲರ್ ವಿಮಾನದ ಬಗ್ಗೆ ಯಾರೂ ಹೇಳಿಲ್ಲವಲ್ಲ! 1935ರ ಡಿಸೆಂಬರ್‌ನಲ್ಲಿ ಮೊದಲು ಹಾರಿದ್ದು. ಆ ಜಾತಿಯ ಕೆಲವು ಇವತ್ತಿಗೂ ಹಾರುತ್ತಿವೆ. ಗುಟ್ಟು ಮೇಲೆ ಹ್ಯಾಂಗರ್ ಸರ್ ಹೇಳಿದ್ದರಲ್ಲೇ ಇದೆ. ಅದರೊಳಗೆ ಗಾಳಿ ತುಂಬುವ ವ್ಯವಸ್ಥೆಯೇ ಇಲ್ಲ. ಮೈ ಉಬ್ಬುವುದಿಲ್ಲ, ಕುಗ್ಗುವುದಿಲ್ಲ.

ಸದ್ದಿಗಿಂತ ವೇಗವಾಗಿ ಹಾರುತ್ತಿದ್ದ ಕಾಂಕಾರ್ಡ್ ಕೂಡ ಸೇರಿಸಿ. 2003ರಲ್ಲಿ ನಿಂತಾಗ ಅದರ ಮೈ ಸವೆದಿರಲಿಲ್ಲ. 2000ದ ಪ್ಯಾರಿಸ್ ಅಪಘಾತದ ನಂತರ ಜನ ಕಡಿಮೆಯಾದರು, ಖರ್ಚು ಏರಿತು. ಕೊನೆಗೆ ಏರ್‌ಬಸ್ ಇನ್ನು ಬಿಡಿಭಾಗ, ತಾಂತ್ರಿಕ ಬೆಂಬಲ ಕೊಡಲ್ಲ ಅಂದಿತು. ತಯಾರಕರೇ ಕೈಬಿಟ್ಟರೆ ಹಾರುವ ಪರವಾನಗಿಯೇ ಉಳಿಯುವುದಿಲ್ಲ. ಎಂಥ ಶ್ರೀಮಂತ ಬಂದರೂ ಅಷ್ಟೇ.

ದಾರಿಹೋಕ
ಸದ್ದಿನ ಕಾರಣಕ್ಕೆ ನಿಂತಿದ್ದೂ ಇದೆ ಅಂತ ಕೇಳಿದ್ದೆ, ಹೌದಾ?

ಹಳೇ ರೆಕ್ಕೆ
ಹೌದು. ಅಮೆರಿಕದಲ್ಲಿ 1999ರ ಕೊನೆಗೆ, ಯುರೋಪಿನಲ್ಲಿ 2002ರ ಏಪ್ರಿಲ್‌ಗೆ ಹಳೆಯ ಗದ್ದಲದ ಜೆಟ್‌ಗಳನ್ನು ಹೊರಗೆ ಹಾಕಿದರು. ಕೆಲವರು ಇಂಜಿನ್‌ಗೆ ಸದ್ದು ಅಡಗಿಸುವ ಕಿಟ್ ಹಾಕಿಸಿ ಇನ್ನಷ್ಟು ವರ್ಷ ಎಳೆದರು.

ಮೋಡದಾಚೆ
ಪ್ರಯಾಣಿಕರನ್ನು ಬಿಟ್ಟ ಕೂಡಲೇ ಎಲ್ಲವೂ ಸಾಯುವುದಿಲ್ಲ. ಪಕ್ಕದಲ್ಲಿ ದೊಡ್ಡ ಬಾಗಿಲು ಕೊರೆದು, ನೆಲ ಗಟ್ಟಿ ಮಾಡಿ, ಸರಕು ವಿಮಾನ ಮಾಡುತ್ತಾರೆ. ಬೋಯಿಂಗ್ 757, 767 ಎಲ್ಲ ಹೀಗೆ ಎರಡನೇ ಬಾಳು ಕಂಡವು. ಪಾರ್ಸೆಲ್ ವಿಮಾನ ರಾತ್ರಿ ಒಂದೆರಡು ಸಲ ಹಾರಿ ಹಗಲೆಲ್ಲ ನಿಂತಿರುತ್ತದೆ. ಇಂಧನ ಸ್ವಲ್ಪ ಜಾಸ್ತಿ ಕುಡಿದರೂ, ಅಗ್ಗಕ್ಕೆ ಸಿಕ್ಕಿರುವುದರಿಂದ ಗಿಟ್ಟುತ್ತದೆ. ಮೂರು ಇಂಜಿನ್‌ನ ಹಳೆ ವಿಮಾನ ಡಿಸಿ-10ರಲ್ಲಿ ಪ್ರಯಾಣಿಕರನ್ನು ಕೂರಿಸಿಕೊಂಡ ಕೊನೆಯ ಹಾರಾಟ 2014ರಲ್ಲಿ, ಬಿಮಾನ್ ಬಾಂಗ್ಲಾದೇಶದ್ದು. ಅದನ್ನೇ ತಿದ್ದಿ ಮಾಡಿದ ಎಂಡಿ-10 ಫೆಡೆಕ್ಸ್‌ನಲ್ಲಿ 2022ರವರೆಗೂ ಪೆಟ್ಟಿಗೆ ಹೊತ್ತಿತು.

ದಾರಿಹೋಕ
ಮರುಭೂಮಿಯಲ್ಲಿ ಸಾಲಾಗಿ ನಿಂತ ಫೋಟೋ ನೋಡಿದ್ದೇನೆ. ಅವೆಲ್ಲ ಸತ್ತವಾ?

ಹ್ಯಾಂಗರ್ ಮನುಷ್ಯ
ಎಲ್ಲವೂ ಅಲ್ಲ. ಕ್ಯಾಲಿಫೋರ್ನಿಯಾದ ವಿಕ್ಟರ್‌ವಿಲ್, ಸ್ಪೇನಿನ ಟೆರುಯೆಲ್, ಆಸ್ಟ್ರೇಲಿಯಾದ ಆಲಿಸ್ ಸ್ಪ್ರಿಂಗ್ಸ್, ಇವೆಲ್ಲ ಒಣ ಜಾಗಗಳು. ತೇವ ಇಲ್ಲದಿದ್ದರೆ ಅಲ್ಯೂಮಿನಿಯಂ ಬೇಗ ಹಾಳಾಗಲ್ಲ. ಇಂಜಿನ್ ಬಾಯಿ ಮುಚ್ಚಿ, ಕಿಟಕಿಗೆ ಹೊದಿಕೆ ಹಾಕಿ ನಿಲ್ಲಿಸುತ್ತಾರೆ. ಆಗಾಗ ಚಕ್ರ ಸ್ವಲ್ಪ ಉರುಳಿಸಬೇಕು, ಇಲ್ಲದಿದ್ದರೆ ಟೈರ್ ಒಂದೇ ಕಡೆ ಚಪ್ಪಟೆ. ಇಂಥವು ಮತ್ತೆ ಎದ್ದು ಬರಬಹುದು. ಫೋಟೋದಲ್ಲಿ ಇಂಜಿನ್ ಜಾಗ ಖಾಲಿ ಕಂಡರೆ ಮಾತ್ರ ಬಹುಪಾಲು ಮುಗಿದ ಹಾಗೆ.

ಬಿಚ್ಚುವುದಕ್ಕೂ ಒಂದು ಕ್ರಮ ಇದೆ. ಇಂಧನ, ಎಣ್ಣೆ ಬಸಿಯುತ್ತಾರೆ. ಇಂಜಿನ್ ಮೊದಲು. ಆಮೇಲೆ ಲ್ಯಾಂಡಿಂಗ್ ಗೇರ್, ಬಾಲದೊಳಗಿನ ಪುಟ್ಟ ಇಂಜಿನ್, ಕಾಕ್‌ಪಿಟ್‌ನ ಪೆಟ್ಟಿಗೆಗಳು. ಪ್ರತಿಯೊಂದಕ್ಕೂ ಚೀಟಿ. ಮಾರುವಂಥದ್ದೆಲ್ಲ ಹೋದ ಮೇಲೆ ಜೆಸಿಬಿಯಂಥ ಯಂತ್ರ ಬಂದು ಕಚ್ಚಿ ಹರಿಯುತ್ತದೆ. ಒಂದು ಸಲ ಹತ್ತಿರ ನಿಂತು ನೋಡಿದ್ದೆ. ಬೇಡ, ಆ ಕಥೆ ಬೇಡ. ತೂಕದಲ್ಲಿ ನೋಡಿದರೆ 85ರಿಂದ 90 ಶೇಕಡಾ ಮತ್ತೆ ಬಳಕೆಗೆ ಹೋಗುತ್ತದೆ. ಹೊಸ ಮಾದರಿಗಳಾದ ಬೋಯಿಂಗ್ 787, ಏರ್‌ಬಸ್ ಎ350ಗಳ ಮೈ ಕಾರ್ಬನ್ ನಾರಿನದ್ದು. ತುಕ್ಕು ಹಿಡಿಯಲ್ಲ ಅನ್ನುವುದು ಒಳ್ಳೆಯದು, ಆದರೆ ಕರಗಿಸಿ ಮತ್ತೆ ತಗಡು ಮಾಡಲು ಆಗಲ್ಲ. ಅವು ಸಾಲಾಗಿ ಬರುವ ಹೊತ್ತಿಗೆ ಏನು ಮಾಡುತ್ತೇವೋ.

ಜಮಾ ಖರ್ಚು
ಕೊನೆಯದಾಗಿ ಒಂದು ವಿಚಿತ್ರ. 2023ರಲ್ಲಿ, ಎ320 ನಿಯೋಗಳಲ್ಲಿ ಬಳಸುವ ಪ್ರಾಟ್ ಅಂಡ್ ವಿಟ್ನಿ ಕಂಪನಿಯ ಹೊಸ ಜಿಟಿಎಫ್ ಇಂಜಿನ್‌ಗಳ ಕೆಲವು ಡಿಸ್ಕ್‌ಗಳಿಗೆ ಬಳಸಿದ ಲೋಹದ ಪುಡಿಯಲ್ಲಿ ದೋಷ ಗೊತ್ತಾಯಿತು. ನೂರಾರು ವಿಮಾನ ಇಂಜಿನ್‌ಗಾಗಿ ಕಾಯುತ್ತಾ ನಿಂತವು. ಇಂಜಿನ್‌ಗೆ ಎಷ್ಟು ಬೇಡಿಕೆ ಬಂತು ಅಂದರೆ, ಹತ್ತು ವರ್ಷವೂ ತುಂಬದ ಎ320 ನಿಯೋಗಳನ್ನೇ ಬಿಚ್ಚಲು ಶುರು ಮಾಡಿದರು. ಅದೇ ಹೊತ್ತಿಗೆ 20 ದಾಟಿದ ಹಳೆ ಎ320ಗಳು ಹಾಯಾಗಿ ಹಾರುತ್ತಿದ್ದವು, ಅವುಗಳ ಹಳೆ ಇಂಜಿನ್‌ಗಳಲ್ಲಿ ಬಹುಪಾಲಿಗೆ ಆ ರೋಗ ಇರಲಿಲ್ಲವಲ್ಲ.

ಕಿಟಕಿ ಸೀಟು
ಅಂದರೆ ಮೊಮ್ಮಗ ಗುಜರಿಗೆ ಹೋದ, ಅಜ್ಜ ಇನ್ನೂ ಡ್ಯೂಟಿಯಲ್ಲಿ! ನನ್ನ 22 ವರ್ಷದ್ದನ್ನು ಇನ್ನು ಮೇಲೆ ಬೈಯಲ್ಲ ಬಿಡಿ. ಒಂದು ತಲೆಹರಟೆ ಪ್ರಶ್ನೆ. ಬಿಚ್ಚುವಾಗ ಆ ಬೂದಿ ಡಬ್ಬಿ ಏನಾಗುತ್ತದೆ?

ಹ್ಯಾಂಗರ್ ಮನುಷ್ಯ
ಅದಕ್ಕೂ ಪಾರ್ಟ್ ನಂಬರ್ ಇದೆ. ಅದು ಕಿತ್ತುಹೋದರೆ ಇಂತಿಷ್ಟು ದಿನದೊಳಗೆ ಬೇರೆಯದನ್ನು ಹಾಕಲೇಬೇಕು. ಚೆನ್ನಾಗಿದ್ದರೆ ಚೀಟಿ ಕಟ್ಟಿ ಶೆಲ್ಫ್‌ಗೆ ಹೋಗುತ್ತದೆ, ಯಾವುದೋ ವಿಮಾನದ ಬಾಗಿಲಿಗೆ ಮತ್ತೆ ಬರುತ್ತದೆ.